ಇಪ್ಪತ್ತೈದು ಪೆಟ್ಟಿನ ಡಬ್ಬಿ

ಬಣ್ಣ ಬಳಿಯುವವರು ಸೋಮವಾರ ಬರುತ್ತಾರೆಂದು ಮೊನ್ನೆ ಅಟ್ಟ ಖಾಲಿ ಮಾಡತೊಡಗಿದೆ. ಪುಣೆಯ ಧನಕವಡಿಯ ಈ ಎರಡು ಕೋಣೆಯ ಮನೆಯಲ್ಲಿ ಅಟ್ಟವೆಂದರೆ ಬಚ್ಚಲಿನ ಮೇಲಿನ ಒಂದು ಗೂಡು, ಅಷ್ಟೇ. ಕೆಟ್ಟ ಫ್ಯಾನು, ಗಣಪತಿ ಮಂಟಪದ ಥರ್ಮಾಕೋಲು, ಯಾವ ಪಾತ್ರೆಗೂ ಹೊಂದದ ನಾಲ್ಕು ಮುಚ್ಚಳ. ಇವೆಲ್ಲದರ ಹಿಂದೆ ಒಂದು ಡಬ್ಬಿ ಕೈಗೆ ತಾಗಿತು. ಅಟ್ಟದ ಮೇಲೆ ಭಾರದ ಸಾಮಾನು ಯಾರೂ ಇಡುವುದಿಲ್ಲ, ನಿಮಗೂ ಗೊತ್ತು. ಈ ಡಬ್ಬಿ ಇದ್ದದ್ದು ಅಂಗೈಯಷ್ಟು, ಎತ್ತಿದರೆ ಮಣಿಕಟ್ಟು ಜಗ್ಗಿತು. ತಳವೆಲ್ಲ ನೆಗ್ಗಿತ್ತು. ಬೆರಳಿಗೆ ಕೆಂಪು ಪುಡಿ ಹತ್ತಿತು.

ಸ್ಟೂಲಿನ ಮೇಲೆ ನಿಂತಿದ್ದವಳು ಹುಷಾರಾಗಿ ಕೆಳಗಿಳಿದು ಕುಳಿತುಕೊಂಡೆ.

ನಮ್ಮ ಮನೆಯವರು ಹೋಗಿ ಎಂಟು ತಿಂಗಳಾಯಿತು. ರಾಂಜಣಗಾಂವದ ಕಾರ್ಖಾನೆಯಲ್ಲಿ ಸ್ಟೋರ್ ನೋಡುತ್ತಿದ್ದವರು ಎಂದೇ ಇಲ್ಲಿ ಎಲ್ಲರೂ ಅವರನ್ನು ನೆನೆಯುವುದು. ಅದಕ್ಕೂ ಮೊದಲು, ಈಗ್ಗೆ ಹದಿನೆಂಟು ವರ್ಷದ ಹಿಂದೆ, ಅವರು ಕರಾವಳಿಯ ಒಂದು ಸಣ್ಣ ಬಂದರಿನಲ್ಲಿ ಅದಿರು ನೋಡುವ ಕೆಲಸದಲ್ಲಿದ್ದರು. ಆ ಊರಿನ ಹೆಸರು ಹೇಳಿ ಈಗ ಏನಾಗಬೇಕು? ನನ್ನನ್ನು ಕೊಡುವಾಗ ನಮ್ಮಪ್ಪ, "ಹುಡುಗ ಮಣ್ಣು ನೋಡೋ ಕೆಲಸ ಮಾಡ್ತಾನಂತ" ಅಂದಿದ್ದ. "ಮಣ್ಣಾಗ ನೋಡೂದೇನದಪ್ಪಾ?" ಎಂದು ನಾನು ನಕ್ಕಿದ್ದೆ. ಹತ್ತನೆಯ ತರಗತಿಗೇ ಶಾಲೆ ಬಿಟ್ಟವಳಿಗೆ ಅಷ್ಟು ಧೈರ್ಯ.

ಸಂಡೂರಿನ ಕಡೆಯ ಗುಡ್ಡಗಳಿಂದ ಲಾರಿಗಳು ಕಬ್ಬಿಣದ ಅದಿರು ಹೊತ್ತು ಬರುತ್ತಿದ್ದವು. ಬಯಲುಸೀಮೆ ದಾಟಿ, ಘಟ್ಟ ಇಳಿದು, ಎರಡು ಹಗಲು ಕೆಲವೊಮ್ಮೆ ಮೂರು ಹಗಲು. ಬಂದರಿನಲ್ಲಿ ಅದನ್ನು ಗುಡ್ಡೆ ಹಾಕುತ್ತಿದ್ದರು. ಗುಡ್ಡದಿಂದ ತಂದು ಮತ್ತೆ ಗುಡ್ಡ ಮಾಡುವುದು ನನಗೆ ಯಾವತ್ತೂ ತಮಾಷೆ. ಅಲ್ಲಿಂದ ಬಾರ್ಜು ಎನ್ನುವ ಚಪ್ಪಟೆ ದೋಣಿಗೆ, ಬಾರ್ಜಿನಿಂದ ದೂರ ನೀರಲ್ಲಿ ನಿಂತ ಹಡಗಿಗೆ. ನಮ್ಮ ಮನೆಯ ಒಗೆದ ಬಟ್ಟೆ ಒಣಗುವ ಹೊತ್ತಿಗೆ ಕಾವಿಯಾಗಿರುತ್ತಿತ್ತು. ಸನ್ಯಾಸಿಗಳ ಮನೆ ಎಂದು ನಾನೇ ಅನ್ನುತ್ತಿದ್ದೆ.

ಅವರ ಕೆಲಸ ಈ ಡಬ್ಬಿಯದು. ಅರ್ಧ ಡಬ್ಬಿ ಅದಿರು ತುಂಬಬೇಕು. ಗೇಣು ಎತ್ತರದಿಂದ ಗಟ್ಟಿ ನೆಲಕ್ಕೆ ಇಪ್ಪತ್ತೈದು ಸಲ ಕುಕ್ಕಬೇಕು, ಪೆಟ್ಟಿನಿಂದ ಪೆಟ್ಟಿಗೆ ಒಂದು ಉಸಿರಿನಷ್ಟು ಬಿಡುವು. ಆಮೇಲೆ ಒಳಗೆ ನೋಡಬೇಕು. ಅದಿರು ಮೊದಲಿನ ಹಾಗೇ ಇದ್ದರೆ ಸರಿ. ನೀರಿನ ಪಸೆ ಮೇಲೆ ಬಂದರೆ ಆ ಮಾಲು ಹಡಗು ಹತ್ತಕೂಡದು. ಒಮ್ಮೆ ನಾನು ಅಂಬಲಿ ಕಾಸುವಾಗ ಪಕ್ಕದಲ್ಲಿ ನಿಂತು ತಿಳಿಸಿ ಹೇಳಿದ್ದರು: "ಹಸಿ ಅದಿರು ನೋಡಾಕ ಗಟ್ಟಿನ ಇರತದ. ಸಮುದ್ರ ಅದನ್ನ ಅಲುಗಾಡಸ್ತದ. ಅಲುಗಾಡಿದಂಗ ಒಳಗಿನ ನೀರು ಮ್ಯಾಲೆ ಬರ್ತದ, ಗುಡ್ಡಾ ಹೋಗಿ ಅಂಬಲಿ ಆಗತದ. ಅಂಬಲಿ ಒಂದ ಮಗ್ಗಲಕ್ಕ ಹರದ್ರ ಹಡಗೂ ಅದರ ಬೆನ್ನ ಹಿಂದ ಹೋಗತದ. ಓಡಾಕ ವ್ಯಾಳೇನೂ ಕೊಡೂದಿಲ್ಲ."

"ನನ್ನ ಅಂಬಲಿಗೆ ಹೆಸರಿಡಬ್ಯಾಡ್ರಿ" ಎಂದು ನಾನು ಸೌಟು ತೋರಿಸಿದ್ದೆ.

ಆ ವರ್ಷ ಮಳೆಗಾಲಕ್ಕೆ ಬಂದರು ಮುಚ್ಚುವ ಮೊದಲಿನ ಕೊನೆಯ ಹಡಗು ಬಂದಿತ್ತು. ಅದರಲ್ಲಿ ಇಪ್ಪತ್ತೆರಡು ಮಂದಿ. ಇವರು ಹಡಗು ಹತ್ತಿದಾಗ ಅಡುಗೆಯವನು ಚಹಾ ಕೊಟ್ಟು, ಕೈಸನ್ನೆಯಲ್ಲೇ ಹಸಿಮೆಣಸಿನಕಾಯಿ ಕೇಳಿದನಂತೆ. ಯಾವ ದೇಶದವನೋ, ಭಾಷೆ ತಿಳಿಯದು, ನಾಲಿಗೆ ಚಾಚಿ ಬೀಸಿಕೊಂಡು ತೋರಿಸಿದನಂತೆ. ಇವರು ಸಂತೆಯಿಂದ ಎರಡು ಕಿಲೋ ಕೊಂಡು ಬಾರ್ಜಿನ ಮೇಲೆ ಕಳಿಸಿದರು. ಅಂಥ ಮನುಷ್ಯ.

ಅದೇ ವಾರ ಘಟ್ಟದಲ್ಲಿ ಅಕಾಲದ ಮಳೆ ಬಿತ್ತು. ಲಾರಿಗಳಿಗೆ ಹೊದಿಸಿದ ತಾಡಪತ್ರಿಗಳು ಹರಿದಿದ್ದವು. ಅದಿರಿನ ಪಸೆ ಅಳೆದು ಕೊಟ್ಟ ಲ್ಯಾಬಿನ ಚೀಟಿ ಮಳೆಗೆ ಮುಂಚಿನದು. ಮೇಲಿನ ಸಾಹೇಬರು, "ಗುಡ್ಡಿ ಮ್ಯಾಲಿಂದು ತೆಗದ ನೋಡ್ರಿ, ಒಣಾ ಅದ, ಅದನ್ನ ಬರೀರಿ" ಅಂದರು. ಮೇಲಿನದು ನಿಜವಾಗಿಯೂ ಒಣಗಿತ್ತು. ಇವರು ಸಲಿಕೆ ಹಿಡಿದು ಒಳಗಿಂದ ಅರ್ಧ ಡಬ್ಬಿ ತೆಗೆದು, ಮುಚ್ಚಳ ಹಾಕಿಕೊಂಡು, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರು.

ಇಲ್ಲಿ ನನ್ನ ಮಾತು ಬರುತ್ತದೆ. ಇಷ್ಟು ಹೊತ್ತು ಸುತ್ತು ಬಳಸಿ ಬಂದದ್ದು ಅದಕ್ಕೇ ಇರಬೇಕು.

ಆ ಸಂಜೆ ನಾವು ಪುಣೆಗೆ ಹೊರಡಬೇಕಿತ್ತು. ಯೆರವಡಾದಲ್ಲಿದ್ದ ನನ್ನ ತಂಗಿ ಸುಮಾ ಒಂಬತ್ತು ವರ್ಷ ಕಾದು ಮಗು ಹೆತ್ತಿದ್ದಳು, ತೊಟ್ಟಿಲ ಕಾರ್ಯ. ಅಷ್ಟರಲ್ಲಿ ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು. ತವರಿನಿಂದ ಕೂಸಿನ ತಲೆಗೆ ಕುಂಚಿಗೆ, ಉಡಿ, ಬೆಳ್ಳಿಯ ಕಡಗ ಎಲ್ಲ ನಾನೇ ಒಯ್ಯಬೇಕು. ಅವಳಿಗೆ ನಾನೇ ತವರುಮನೆ. ಒಳಗೆ ಚೀಲ ತುಂಬುತ್ತಿದ್ದೆ. ಹೊರಗೆ ಕಲ್ಲಿನ ಮೆಟ್ಟಿಲ ಮೇಲೆ ಡಬ್ಬಿ ಕುಕ್ಕುವ ಸಪ್ಪಳ. ಎಣಿಸುವ ಮನಸ್ಸಿಲ್ಲದಿದ್ದರೂ ಎಣಿಸಿದೆ. ಇಪ್ಪತ್ತೈದು.

"ಏ, ಒಂದೀಟು ಬಂದು ನೋಡಿಲ್ಲಿ" ಎಂದು ಕರೆದರು.

"ನನಗೇನ ತಿಳೀತದರಿ ಅದರಾಗ?"

"ನೀ ಬಾ ಅಂದ್ರ ಬಾ. ನನಗ ಅನುಮಾನ ಅದ. ಗುಡ್ಡಿ ಕಡಿಸಿ, ಹರವಿ ಒಣಗಸ್ಬೇಕು ಅಂತ ಬರದ್ರ ನಾಕೈದು ದಿನಾ. ಇವತ್ತಿನ ಬಸ್ಸು ಆಗೂದಿಲ್ಲ."

ನಾನು ಹೊರಗೆ ಹೋಗಲಿಲ್ಲ. ಕುಂಚಿಗೆ ಮಡಚುತ್ತಲೇ ಅಂದೆ: "ಹಡಗ ಮುಳುಗಿಸುವಷ್ಟು ನೀರು ನಿಮ್ಮ ಡಬ್ಬಿ ಒಳಗ ಅದ ಏನ್ರಿ? ಸಹಿ ಮಾಡಿ ಬರ್ರಿ. ಎಲ್ಲಾರೂ ಮಾಡ್ತಾರ."

ಆಮೇಲೆ ಡಬ್ಬಿಯ ಮುಚ್ಚಳ ಒತ್ತಿದ ಸಪ್ಪಳ, ಚಪ್ಪಲಿಯ ಸಪ್ಪಳ. ಊಟ ಮಾಡದೆ ಹೋದರು. ಸಂಜೆ ಬಸ್ಸಿಗೆ ಸರಿಯಾಗಿ ಬಂದರು. ಸಹಿಯಾಯಿತೇ ಎಂದು ನಾನು ಕೇಳಲಿಲ್ಲ. ಬಂದಿದ್ದರಲ್ಲ, ಆಗಿತ್ತು.

ಯೆರವಡಾಕ್ಕೆ ಬಂದು ಚೀಲ ಬಿಚ್ಚಿದರೆ ಬಟ್ಟೆಗಳ ನಡುವೆ ಈ ಡಬ್ಬಿ. ಹೊಸ ಕುಂಚಿಗೆಯ ಅಂಚಿಗೆ ಕೆಂಪು ಕಲೆ. ಸುಮಾ, "ಕುಂಕುಮ ಚೆಲ್ಲೇದೇನಕ್ಕಾ, ಶುಭ ಆತು" ಎಂದು ಮಗುವಿಗೆ ಅದನ್ನೇ ತೊಡಿಸಿದಳು. ನಾನು ಡಬ್ಬಿಯನ್ನು ಚೀಲದ ತಳಕ್ಕೆ ಸರಿಸಿದೆ.

ಹಡಗು ತಾನು ಹೋಗುವ ಬಂದರು ಮುಟ್ಟಲು ಹದಿನಾಲ್ಕು ದಿನ. ಆ ಹದಿನಾಲ್ಕು ದಿನ ಆ ಮನೆಯಲ್ಲಿ ನಾವು ಹೇಗಿದ್ದೆವೆಂದು ಹೇಳಲು ನನಗೆ ಬರುವುದಿಲ್ಲ. ತೊಟ್ಟಿಲ ಸುತ್ತ ಹೆಂಗಸರು ಹಾಡುತ್ತಾ ತೂಗುತ್ತಿದ್ದರೆ, ಗಂಡಸರ ನಡುವೆ ಕುಳಿತಿದ್ದ ಇವರು ಎದ್ದು ಬಂದು ತೊಟ್ಟಿಲ ಹಗ್ಗ ಹಿಡಿದು ನಿಲ್ಲಿಸಿಬಿಟ್ಟರು. "ಜೋರ ತೂಗಬ್ಯಾಡ್ರಿ" ಅಂದರು. ಸುಮಾ ನಕ್ಕಳು: "ಮಾಮಾ, ತೊಟ್ಟಲಾ ತೂಗಾಕ ಇರತದ್ರಿ, ನಿಲ್ಲಿಸಾಕಲ್ಲ!" ಎಲ್ಲರೂ ನಕ್ಕರು. ಹಗ್ಗದ ಮೇಲಿನ ಅವರ ಬೆರಳು ಬೆಳ್ಳಗಾಗಿದ್ದನ್ನು ನಾನೊಬ್ಬಳೇ ನೋಡಿದೆ.

ನಾಲ್ಕು ದಿನದ ರಜೆ ಮುಗಿಯಿತು. ಹೊರಡುವ ಮಾತೆತ್ತಲಿಲ್ಲ. ದಿನಾ ಬೆಳಿಗ್ಗೆ ಯೆರವಡಾ ಜೈಲಿನ ಉದ್ದನೆಯ ಗೋಡೆಯ ಪಕ್ಕ ನಡೆಯುತ್ತಾ ಬಂದರಿನ ಗೆಳೆಯ ಗಾಂವಕರನಿಗೆ ಫೋನು ಹಚ್ಚುತ್ತಿದ್ದರು. ಹಿಂದಿರುಗಿ ಬಂದವರ ಮುಖ ನೋಡಿ ನಾನು ಚಹಾಕ್ಕೆ ಇಡುತ್ತಿದ್ದೆ. ಒಂದು ದಿನ ಚಹಾ ಹಿಡಿದುಕೊಂಡೇ, "ಎರಡು ಕಿಲೋ ಮೆಣಸಿನಕಾಯಿ ಇಪ್ಪತ್ತೆರಡು ಮಂದಿಗೆ ಎಷ್ಟ ದಿನಾ ಬರ್ತಾವ?" ಎಂದು ಕೇಳಿದರು. ನಾನು ನಿಜವಾಗಿಯೂ ಲೆಕ್ಕ ಹಾಕಿದೆ. "ಕೈ ಹಿಡಿದ ಹಾಕಿದ್ರ ಒಂದ ವಾರ." "ಹಂಗಾದ್ರ ತೀರಿರಬೇಕು" ಅಂದರು. ಸುದ್ದಿ ಬರುವವರೆಗೆ ನಾವಿಬ್ಬರೂ ಆ ಹಡಗಿನ ಬಗ್ಗೆ ಆಡಿದ ಮಾತು ಇಷ್ಟೇ.

ಒಂಬತ್ತನೆಯ ದಿನ ಗಾಂವಕರನಿಗೂ ಸುದ್ದಿಯಿರಲಿಲ್ಲ. ಹತ್ತನೆಯ ದಿನವೂ ಇಲ್ಲ. ಮಧ್ಯಾಹ್ನ ಇವರು ಬಾಗಿಲು ಮುಂದೆ ಎಳೆದುಕೊಂಡು ಕುಳಿತ ಕೋಣೆಯಿಂದ ಡಬ್ಬಿ ಕುಕ್ಕುವ ಸಪ್ಪಳ. ಇಪ್ಪತ್ತೈದು. ಮುಚ್ಚಳ ಹಾಕಿದ್ದ ಡಬ್ಬಿ, ಒಳಗಿನ ನೀರು ಎಲ್ಲಿಗೆ ಹೋದೀತು? ಬಾಗಿಲಲ್ಲಿ ನಿಂತು, "ನೋಡ್ಲೇನ್ರಿ?" ಎಂದೆ.

"ಬ್ಯಾಡ" ಅಂದರು. ಸಿಟ್ಟಿನಿಂದಲ್ಲ. ಮಕ್ಕಳಿಗೆ ಬಿಸಿ ಪಾತ್ರೆ ಮುಟ್ಟಬೇಡ ಅನ್ನುತ್ತೇವಲ್ಲ, ಹಾಗೆ.

ಹದಿನಾರನೆಯ ದಿನ ಗಾಂವಕರನೇ ಫೋನು ಮಾಡಿದ. ಹಡಗು ನಡುದಾರಿಯಲ್ಲಿ ಒಂದು ಮಗ್ಗುಲಿಗೆ ವಾಲಿ, ಯಾವುದೋ ಬಂದರು ಹೊಕ್ಕು ನಿಂತು, ಸರಿಮಾಡಿಕೊಂಡು ಹೋಗಿ ಮುಟ್ಟಿತ್ತು. ಇಪ್ಪತ್ತೆರಡೂ ಮಂದಿ ಕ್ಷೇಮ. ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಇವರು ಡಬ್ಬಿಯ ಅದಿರನ್ನು ಸುಮಾಳ ಊಟದ ತಾಟಿನಲ್ಲಿ ಹರವಿ, ಮಾಳಿಗೆಯ ಮೇಲೆ ನನ್ನ ಹಪ್ಪಳದ ಪಕ್ಕ ಬಿಸಿಲಿಗಿಟ್ಟು, ಒಣಗಿದ ಮೇಲೆ ತಿರುಗಿ ಡಬ್ಬಿಗೆ ತುಂಬಿದರು.

"ಮುಳುಗಲಿಲ್ಲಲ್ರಿ, ಇನ್ನರ ಊಟಾ ಮಾಡ್ರಿ" ಎಂದೆ.

"ಮುಳುಗಲಿಲ್ಲ ಅಂದ ಮಾತ್ರಕ್ಕ ನಾ ಬರದದ್ದು ಖರೇ ಆಗೂದಿಲ್ಲ" ಅಂದರು. ಬಂದರಿಗೆ ಮರಳಲಿಲ್ಲ. ತಂಗಿಯ ಗಂಡ ರಾಂಜಣಗಾಂವದಲ್ಲಿ ಕೆಲಸ ಹಚ್ಚಿಕೊಟ್ಟ. ನಾವು ಪುಣೆಯವರಾದದ್ದು ಹೀಗೆ. ನೀವು ಯಾಕೆ ಇಲ್ಲಿಗೆ ಬಂದಿರಿ ಎಂದು ಯಾರಾದರೂ ಕೇಳಿದರೆ, "ಇಲ್ಲಿ ಹವಾ ಭಾಳ ಚಲೋ ಅದರಿ" ಎನ್ನುತ್ತಿದ್ದರು. ನನ್ನ ಮಾತನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ನಾನೂ ಎರಡು ಮಾತು ಅಂದು ಹಗುರಾಗುತ್ತಿದ್ದೆನೋ ಏನೋ. ಹದಿನೆಂಟು ವರ್ಷ ನಾನು ಹಿಡಿದುಕೊಂಡದ್ದು ಅವರ ಒಂದೇ ಶಬ್ದವನ್ನು: ಅನುಮಾನ. ಅವರಿಗೇ ಅನುಮಾನವಿತ್ತು. ಅದಿರಿನಲ್ಲಿ ನೀರು ಇದ್ದರೂ ಇರಬಹುದು, ಇಲ್ಲದಿದ್ದರೂ ಇರಬಹುದು. ಅಂಥದ್ದರಲ್ಲಿ ನಾನೊಂದು ಮಾತು ಅಂದರೆ ಅದೇನು ಮಹಾ ತಪ್ಪು?

ಮೊನ್ನೆ ಆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದೆ. ಆಮೇಲೆ ಅಡುಗೆಮನೆಗೆ ಹೋಗಿ ಹೆಂಟೆಗಳನ್ನು ಚಮಚದಿಂದ ಒಡೆದೆ. ಒಂದು ಚಮಚ ನೀರು ಹಾಕಿ ಕಲಸಿದೆ. ನೆಲಕ್ಕೆ ಇಪ್ಪತ್ತೈದು ಸಲ ಕುಕ್ಕಿದೆ. ಏನೂ ಇಲ್ಲ. ಎರಡನೆಯ ಚಮಚ, ಮತ್ತೆ ಇಪ್ಪತ್ತೈದು. ಮೂರನೆಯದು. ತೋಳು ಸೋತವು. ಕೆಳಗಿನ ಮನೆಯ ವಹಿನಿ ಕಿಟಕಿಯಿಂದ, "ಕಾಯ ಠೋಕತಾಯ ಹೋ ಏವಢಂ?" ಎಂದು, ಅಷ್ಟೊಂದು ಏನು ಕುಟ್ಟುತ್ತಿದ್ದೀರೆಂದು, ಮರಾಠಿಯಲ್ಲಿ ಕೂಗಿ ಕೇಳಿದಳು. "ಕಾಹೀ ನಾಹೀ" ಎಂದೆ. ಏನೂ ಕುಟ್ಟುತ್ತಿಲ್ಲವೆಂದು ಹೇಳುತ್ತಾ ಕುಟ್ಟಿದೆ. ನಾಲ್ಕನೆಯ ಚಮಚಕ್ಕೂ ಅದಿರು ಅದಿರಿನ ಹಾಗೇ ಇತ್ತು. ನೋಡಿ, ಇದರಲ್ಲಿ ಯಾರಿಗೆ ಏನು ತಿಳಿಯಬೇಕು, ಎಂದುಕೊಂಡೆ. ಸ್ವಲ್ಪ ಸಮಾಧಾನವೂ ಆಯಿತು.

ಐದನೆಯ ಚಮಚ ಹಾಕಿ ಕುಕ್ಕಿ ಬಗ್ಗಿ ನೋಡಿದೆ.

ಉಬ್ಬುತಗ್ಗು ಒಂದೂ ಇರಲಿಲ್ಲ. ಆಗ ತಾನೇ ಸಾರಿಸಿದ ನೆಲದ ಹಾಗೆ ಸಪಾಟಾಗಿ, ಹಸಿಯಾಗಿ ಹೊಳೆಯುತ್ತಿತ್ತು. ಡಬ್ಬಿ ವಾಲಿಸಿದೆ. ಅಷ್ಟೂ ಅದಿರು ಒಟ್ಟಿಗೆ ಒಂದು ಮಗ್ಗುಲಿಗೆ ಹರಿಯಿತು. ಹತ್ತನೆಯ ತರಗತಿ ಕಲಿತವಳಿಗೂ, ಶಾಲೆಯ ಮುಖ ನೋಡದವಳಿಗೂ ತಿಳಿಯುವಷ್ಟು ಸ್ಪಷ್ಟ. ಹರಿದರೆ ಹರಿಯಿತು, ಇಲ್ಲದಿದ್ದರೆ ಇಲ್ಲ, ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಅವರಿಗೂ ಇರಲಿಲ್ಲ. ಆ ಶಬ್ದವನ್ನು ಅವರು ನನಗೋಸ್ಕರ ಹೇಳಿದ್ದರು, ಬಸ್ಸಿನ ಅವಸರದಲ್ಲಿದ್ದವಳು ಒಮ್ಮೆಗೇ ಎದೆಯೊಡೆದುಕೊಳ್ಳಬಾರದೆಂದು. ಬಾ ಅಂದಾಗ ಹತ್ತು ಹೆಜ್ಜೆ ನಡೆದು ಹೊರಗೆ ಬಂದಿದ್ದರೆ ನಾನೇ ಬಾಯಿಬಿಟ್ಟು ಬೇಡವೆನ್ನುತ್ತಿದ್ದೆ. ಅದಕ್ಕೇ ಅವರು ಕರೆದದ್ದು.

ತಾಟಿನಲ್ಲಿ ಅದಿರನ್ನು ಹರವಿದೆ. ಹೊರಗೆ ಜಿಟಿಜಿಟಿ ಮಳೆ, ಫ್ಯಾನಿನ ಕೆಳಗಿಟ್ಟೆ. ಗೋಡೆಯ ಮೇಲಿನ ಅವರ ಫೋಟೋವನ್ನು ಬಣ್ಣದವರಿಗೆಂದು ಆಗಲೇ ಇಳಿಸಿದ್ದೆ. ಅದು ಅಡುಗೆಮನೆಯ ಕಟ್ಟೆಗೆ ಒರಗಿ ತಾಟಿನ ಕಡೆಗೇ ನೋಡುತ್ತಿತ್ತು. ಕೆಂಪಾದ ಕೈ ಒರೆಸಿಕೊಳ್ಳದೆ ಅದರ ಎದುರಿಗೆ ಕುಳಿತು, ಅಂದು ಕುಂಚಿಗೆ ಮಡಚುತ್ತಾ ನಾನೇ ಕೇಳಿದ್ದ ಪ್ರಶ್ನೆಗೆ ಉತ್ತರ ಹೇಳಿದೆ.

"ಅದರಿ. ಐದು ಚಮಚ."