ಮಾಸ್ತರರ ಹುಸಿನೊಣಗಳು

ಹಿತ್ತಾಳೆ ಉಜ್ಜಿ ಉಜ್ಜಿ ಅವರ ಬಲಗೈ ಹೆಬ್ಬೆರಳು ಹಸಿರುಗಟ್ಟಿತ್ತು; ಹತ್ತಿರ ಬಂದರೆ ಹುಣಸೆಹುಳಿಯ ವಾಸನೆ. ಬಳ್ಳಾರಿಯ ಕಾಲೇಜಿನಲ್ಲಿ ನನ್ನನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದ ಮಾಸ್ತರರಿಗೆ ಬ್ರಿಟಿಷರ ಕಾಲದ ಗಾಳದ ಸಾಮಾನು ಕೂಡಿಡುವ ಹುಚ್ಚು. ಗುಜರಿ ಅಂಗಡಿಗಳಿಂದ ಹುಡುಕಿ ತಂದ ಹಿತ್ತಾಳೆ ರೀಲುಗಳು, ಬಿದಿರಿನ ಕೋಲುಗಳು, ಎಲ್ಲಕ್ಕಿಂತ ಮಿಗಿಲಾಗಿ ಒಂದು ಚರ್ಮದ ಡಬ್ಬಿ. ಅದರೊಳಗೆ ಹನ್ನೆರಡು ಹುಸಿನೊಣ. ನಿಜವಾದ ನೊಣವೆಂದು ನಂಬಿ ಮೀನು ಕಚ್ಚಲೆಂದು ಕೊಕ್ಕೆಗೆ ಪುಕ್ಕ, ರೇಷ್ಮೆದಾರ ಸುತ್ತಿದವು. ಸಿರುಗುಪ್ಪದ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ ಯಾವನೋ ದೊರೆ ಕೈಯಾರೆ ಕಟ್ಟಿದ್ದು ಎನ್ನುತ್ತಿದ್ದರು.

“ಸಾಕ್ಷಿ ಇಲ್ಲದ ಮಾತು ಜೊಳ್ಳು, ತೂರಿಬಿಡು,” ಎಂದು ಕಲಿಸಿದವರೂ ಅವರೇ. ದೇವರಿಗೂ ಸಾಕ್ಷಿ ಕೇಳುತ್ತಿದ್ದ ನಾನು ಅವರನ್ನು ಮಾತ್ರ ಕೇಳಲಿಲ್ಲ.

ಕುರುಗೋಡಿನ ಶಾಲೆಯೊಂದರಲ್ಲಿ ಈ ಸಾಮಾನಿನ ಪ್ರದರ್ಶನ ನಡೆದಾಗ ವಿವರಿಸುವ ಕೆಲಸ ನನಗೆ ಬಿತ್ತು. ಸಿರುಗುಪ್ಪದಿಂದ ಮಗಳ ಮನೆಗೆ ಬಂದಿದ್ದ ಮುದುಕ ಮೀನುಗಾರರೊಬ್ಬರು ಮೊಮ್ಮಗಳ ಕೈಹಿಡಿದು ಬಂದರು. ಡಬ್ಬಿಯೊಳಗೆ ಬಗ್ಗಿ ನೋಡಿ, “ನೀರು ಕಂಡಿಲ್ರೀ ಇವು. ಮೊನ್ನಿ ಮಾಡಿದ್ದು,” ಎಂದರು.

ನಾನು ಬಿಡುತ್ತೇನೆಯೇ? ದೊರೆಯನ್ನು ಕಂಡಿದ್ದೀರಾ, ರೇಷ್ಮೆಯ ವಯಸ್ಸು ಗೊತ್ತಾ, ಎಷ್ಟು ಓದಿದ್ದೀರಿ ಎಂದು ಒಂದರ ಮೇಲೊಂದು ಎಸೆದೆ. ಮಕ್ಕಳು ನಕ್ಕರು. ಮೊಮ್ಮಗಳು ಅಜ್ಜನ ಕೈ ಬಿಟ್ಟಳು. ಮಾಸ್ತರರು ಪಕ್ಕದಲ್ಲೇ ನಿಂತಿದ್ದರು, ನಸುನಗುತ್ತ.

ಮೆಚ್ಚಿ ಒಂದು ನೊಣವನ್ನು ನನಗೇ ಕೊಟ್ಟರು. ನನ್ನವ್ವ ಫ್ಯಾಕ್ಟರಿಯಲ್ಲಿ ಜೀನ್ಸ್ ಹೊಲಿಯುವವಳು. ಅದನ್ನು ಬೆಳಕಿಗೆ ಹಿಡಿದಳು, ಒಂದು ಎಳೆ ಬಿಡಿಸಿ ಕಡ್ಡಿ ಗೀರಿ ಸುಟ್ಟಳು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಬೇಕು. ಇದು ಕರಗಿ ಮಣಿಯಾಯಿತು.

“ನಮ್ಮ ಪ್ಯಾಂಟಿನ ದಾರ ಐತಲ್ಲೇ ಇದು. ಯಾವ ದೊರಿ ಬಂದಿದ್ದ ನಮ್ಮ ಫ್ಯಾಕ್ಟರಿಗೆ?”

ಆ ಮಣಿಯನ್ನು ಒಯ್ದು ತೋರಿಸಿದಾಗ ಮಾಸ್ತರರು ವಾದಿಸಲಿಲ್ಲ. ಹಳೆಯವನ್ನು ಹುಳು ತಿಂದವು, ಖಾಲಿ ಡಬ್ಬಿ ಯಾರು ನೋಡುತ್ತಾರೆ, ನಾನೇ ಕಟ್ಟಿ, ಹಳೆಯದಾಗಿ ಕಾಣಲೆಂದು ಚಹಾದ ನೀರಲ್ಲಿ ಅದ್ದಿದೆ ಎಂದರು. ಹಾಗಾದರೆ ಆ ಮುದುಕರೆದುರು ಸುಮ್ಮನೆ ನಿಂತಿದ್ದೇಕೆ ಎಂದು ಕೇಳಿದೆ.

“ನೀ ಗೆಲ್ಲಾಕತ್ತಿದ್ದಿ.”

ಸಿರುಗುಪ್ಪಕ್ಕೆ ಬಂದು ಆ ಮುದುಕರಿಗೊಂದು ಮಾತು ಹೇಳಿ ಎಂದು ಮೂರು ಸಲ ಕರೆದೆ. ಮೂರು ಸಲವೂ ಮೊಣಕಾಲು ನೋವು. ಹೋದ ವರ್ಷ ಮಾಸ್ತರರು ತೀರಿಕೊಂಡರು. ಕಲಿಸಿದ್ದು ಸುಳ್ಳಲ್ಲ, ಇಂದಿಗೂ ವೇದಿಕೆ ಹತ್ತಿದರೆ ನನ್ನ ಬಾಯಿಗೆ ಬರುವುದು ಅವರ ಪಟ್ಟುಗಳೇ. ಅವರ ಮೇಲಿನ ಸಿಟ್ಟು ಇಳಿಯದಿರುವುದೂ ಅದಕ್ಕೇ.

ಸಂತಾಪಸಭೆಗೆ ಹೋಗದೆ ಸಿರುಗುಪ್ಪದ ಬಸ್ಸು ಹತ್ತಿದೆ. ಮುದುಕರು ಬಲೆಯ ಗಂಟು ಬಿಡಿಸುತ್ತ ಕೂತಿದ್ದರು. ನೀವು ಹೇಳಿದ್ದೇ ನಿಜ, ತಪ್ಪು ನನ್ನದು ಎಂದೆ.

ತಲೆ ಎತ್ತಲಿಲ್ಲ. “ಇರ್ಲಿ ಬಿಡವ್ವ. ಅವತ್ತು ನೀ ಭಾಳ ಚೊಲೋ ಮಾತಾಡಿದಿ.”