ಪಡಸಾಲೆಗೆ ಬಂದ ಹೊರಸು

ಮೊನ್ನೆ ಸೊಸೆ ನನ್ನ ತೋಳಿಗೆ ಸ್ಪಿರಿಟ್ ಒರೆಸಿ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೊಡುತ್ತಿದ್ದಾಗ, ಆ ವಾಸನೆಯ ಹಿಂದೆಯೇ ನಮ್ಮ ನರ್ಸಬಾಯಿ ಬಂದು ನಿಂತಂತಾಯಿತು. ಅವರ ಚೀಲ ತೆರೆದರೆ ಇದೇ ವಾಸನೆ, ಜೊತೆಗೆ ಒಂದಿಷ್ಟು ಎಲೆ-ಅಡಿಕೆಯದೂ. ಊರಿನ ಆರೋಗ್ಯ ನೋಡುವ ಬಾಯಿ ಎಲೆ ಹಾಕಿಕೊಳ್ಳುವುದು ನನಗೆ ಸರಿ ಕಾಣುತ್ತಿರಲಿಲ್ಲ. ಆಗ ನನಗೆ ಬಹಳ ವಿಷಯಗಳು ಸರಿ ಕಾಣುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಪಾಲಬಾವಿಯ ನಮ್ಮ ಮನೆಯಲ್ಲಿ ಅತ್ತೆಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಸೇವೆಯಲ್ಲಿ ನಾನೇನೂ ಕಡಿಮೆ ಮಾಡಲಿಲ್ಲ. ಗಾಳಿ ಬಡಿಯಬಾರದೆಂದು ಒಳಕೋಣೆಯಲ್ಲಿ ಅವರ ಹೊರಸು, ಅದೇ ಹಗ್ಗದ ಮಂಚ, ಹಾಕಿಸಿದೆ. ಆ ಕೋಣೆಗೆ ಕಿಟಕಿ ಇರಲಿಲ್ಲ, ಹಗಲೂ ಬಲ್ಬು ಹಚ್ಚಿಟ್ಟೆ. ಡಾಕ್ಟರು ಬರೆದುಕೊಟ್ಟದ್ದು ಬೆಳಿಗ್ಗೆ ಒಂದು ಗುಳಿಗೆ, ರಾತ್ರಿ ಊಟದ ಮೇಲೆ ಒಂದು. ರಾತ್ರಿಯ ಗುಳಿಗೆಗೆ ಮಾತ್ರ ಅತ್ತೆ ಬಾಯಿ ಬಿಗಿಹಿಡಿಯುತ್ತಿದ್ದರು. ನಾವು ಜೈನರು. ಅತ್ತೆ ಲಗ್ನವಾಗಿ ಬಂದಾಗಿನಿಂದ ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟಿದವರಲ್ಲ.

ಜಡ್ಡಿನವರಿಗೆ ದೋಷವಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಒಂದು ದಿನ ಗುಳಿಗೆ ಪುಡಿ ಮಾಡಿ ರವೆಯ ಸಜ್ಜಕದಲ್ಲಿ ಕಲಸಿ, "ಇನ್ನೂ ಹೊತ್ತೈತ್ರಿ" ಎಂದು ಸುಳ್ಳು ಹೇಳಿ ತಿನ್ನಿಸಿದೆ. ಅಷ್ಟರಲ್ಲಿ ಹೊರಗಿನಿಂದ ನಮ್ಮವರು, "ಕತ್ತಲಾತು, ಕೊಟಿಗಿ ಲಾಟನ್ ಎಲ್ಲಿಟ್ಟಿ?" ಎಂದು ಕೂಗಿದರು. ಅತ್ತೆ ನನ್ನನ್ನೇ ನೋಡಿದರು. ಆ ನೋಟ...

ಮರುದಿನದಿಂದ, ದನ ಹೊರಗೆ ಬಿಡುವ ಸದ್ದು ಕೇಳಿದ ಮೇಲಿನ ಬೆಳಗಿನ ಗಂಜಿ ಬಿಟ್ಟರೆ ಅವರು ಏನನ್ನೂ ತೆಗೆದುಕೊಳ್ಳಲಿಲ್ಲ. ನಡುಮಧ್ಯಾಹ್ನ ಅನ್ನ ಒಯ್ದರೂ ಎಡಗೈಯಿಂದ ತಾಟು ಸರಿಸಿಬಿಡುತ್ತಿದ್ದರು. ವಾರದೊಳಗೆ ಕೆನ್ನೆ ಗುಳಿ ಬಿದ್ದವು. ಹೀಗೇ ಹೋದರೆ ಬದುಕುವುದಿಲ್ಲ ಎಂದು ನಮ್ಮವರು ಗಂಡುಮಗನಾದರೂ ಅತ್ತರು. ನಾನು ಮಾತ್ರ ಮುದುಕಿಗೆ ಹಟ ಎಂದೆ.

ನರ್ಸಬಾಯಿ ನಿಪ್ಪಾಣಿ ಕಡೆಯವರು. ಸರಕಾರಿ ದವಾಖಾನೆಯಿಂದ ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ನನ್ನ ದೂರನ್ನೆಲ್ಲ ಕೇಳಿಕೊಂಡು ಅವರು ಚೀಲ ಬಿಚ್ಚಲಿಲ್ಲ. ಅತ್ತೆಯ ಪಕ್ಕ ಕುಳಿತು, ಅತ್ತೆಯ ಕಣ್ಣು ಹೋದಲ್ಲೆಲ್ಲ ತಾವೂ ನೋಡಿದರು. ಅಲ್ಲಿದ್ದದ್ದು ಗೋಡೆ ಮತ್ತು ಬಲ್ಬು.

"ವೈನಿ, ಆಯಿ ಮೊದ್ಲ ಎಲ್ಲಿ ಕುಂತು ಉಣ್ಣತಿದ್ರು?"

"ಪಡಸಾಲ್ಯಾಗ್ರಿ ಬಾಯಾರ, ಹೊರಬಾಗಲಾ ಎದ್ರಿಗೆ." ನಮ್ಮ ಹೊರಬಾಗಿಲು ಪಡುವಣಕ್ಕಿದೆ.

"ಮತ್ತ ಈ ಕ್ವಾಣ್ಯಾಗ ಹೊತ್ತ ಐತೋ ಮುಳುಗೇತೋ, ಅವ್ರಿಗೆ ಹ್ಯಾಂಗ ತಿಳೀಬೇಕ್ರಿ? ನೀವು ಹೇಳಿದ್ದ ನಂಬಬೇಕಲ್ಲ."

ಆಗ ಸಜ್ಜಕದ ವಿಷಯ ಬಾಯಿಬಿಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಅತ್ತೆಯ ಕಡೆ ಬಾಗಿ, "ಆಯಿ, ಹೊರಸ ಹೊರಗ ಹಾಕೂಣೇನ್ರಿ?" ಎಂದು ಕೇಳಿದರು. ಲಕ್ವಾ ಹೊಡೆದ ಮೇಲೆ ಅತ್ತೆಯನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವರು ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿದರು.

ಹೊರಸು ಪಡಸಾಲೆಗೆ ಬಂತು. ನರ್ಸಬಾಯಿ ತಾವೇ ಡಾಕ್ಟರ ಹತ್ತಿರ ಮಾತಾಡಿ ಎರಡನೆಯ ಗುಳಿಗೆಯನ್ನು ಹೊತ್ತು ಮುಳುಗುವ ಮುಂಚೆಗೆ ಬದಲಿಸಿಕೊಂಡು ಬಂದರು. ಆ ಸಂಜೆ ನಾನು ಹಾಲು-ಅನ್ನ ಹಿಡಿದು ನಿಂತಿದ್ದೆ. ಸೂರ್ಯ ಇನ್ನೂ ಕಬ್ಬಿನ ಮೇಲಿದ್ದ. ಅತ್ತೆ ಅವನನ್ನು ನೋಡಿದರು, ನನ್ನನ್ನು ನೋಡಿದರು, ಬಾಯಿ ತೆರೆದರು. ಆಮೇಲೆ ಮೂರು ವರ್ಷ ಬದುಕಿದರು, ಒಂದು ಹೊತ್ತೂ ನೇಮ ಮುರಿಯದೆ.

ಅಷ್ಟರಲ್ಲಿ ನರ್ಸಬಾಯಿಗೆ ಕೊಗನೊಳ್ಳಿ ಕಡೆ ವರ್ಗವಾಯಿತು. ಅವರಿಗೆಂದು ಒಂದು ಇಳಕಲ್ ಸೀರೆ ತೆಗೆದಿಟ್ಟಿದ್ದೆ. ಸುಗ್ಗಿ ಮುಗಿಯಲಿ, ಹಬ್ಬ ಮುಗಿಯಲಿ ಅಂತ ವರ್ಷಗಳೇ ಹೋದವು. ಕೊನೆಗೆ ಕೇಳುತ್ತ ಕೇಳುತ್ತ ಅವರ ತಮ್ಮನ ಮನೆ ಮುಟ್ಟಿದಾಗ, ಅವರಿಗೂ ಲಕ್ವಾ ಹೊಡೆದು, ಒಂದು ವರ್ಷ ಮಲಗಿದ್ದು ತೀರಿಕೊಂಡರೆಂದು ತಿಳಿಯಿತು. ಚಹಾ ಕೊಟ್ಟರು, ಕುಡಿದೆ. ಸೀರೆ ಹೋದ ಹಾಗೆಯೇ ತಿರುಗಿ ಬಂತು.

ಮೊನ್ನೆ ಸೊಸೆ ಸೂಜಿ ತೆಗೆದು, "ಅತ್ತಿ, ಕಿಟಕಿ ತಗೀಲೇನ್ರಿ?" ಎಂದಳು. ತೆಗೆ ಎಂದೆ. ಬಿಸಿಲು ಕಾಲ ಮೇಲೆ ಬಂತು. ನರ್ಸಬಾಯಿ ಆ ಒಂದು ವರ್ಷ ಮಲಗಿದ್ದ ಕೋಣೆಗೆ ಕಿಟಕಿ ಇತ್ತೋ ಇಲ್ಲವೋ, ಅವರಿಗೇನು ಬೇಕೆಂದು ಯಾರಾದರೂ ಕೇಳುತ್ತಿದ್ದರೋ ಇಲ್ಲವೋ... ಅಲ್ಲಿಯವರೆಗೆ ಹೋಗಿ ನಾನೂ ಅದನ್ನು ಕೇಳದೆ ಬಂದೆ.