ಬೀದಿಯ ಕೊನೆಯ ಮನೆಯಿಂದ ಬಂದ ಪ್ರಶ್ನೆ

“ಅಣ್ಣಾ, ಕೊಂಚ ಜೋರಾಗಿ ಹೇಳು! ಇಲ್ಲಿಗೆ ಕೇಳಲ್ಲ!”

ತಮಿಳುನಾಡಿನ ಚಿನ್ನಮನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನಾವು ಕಾಲೇಜು ಹುಡುಗರು ಮುಟ್ಟಿನ ಆರೋಗ್ಯದ ಬಗ್ಗೆ ಬೀದಿನಾಟಕ ಆಡುತ್ತಿದ್ದೆವು. ಒಣಕಲು ಕಡ್ಡಿಯಂತಿರುವ ನಾನು ಸೀರೆ ಉಟ್ಟು ಅತ್ತೆಯಾಗಿ ಗದರುತ್ತಿದ್ದರೆ, ಮುಂದೆ ಕೂತ ಗಂಡಸರು ಬಿದ್ದು ಬಿದ್ದು ನಗುತ್ತಿದ್ದರು. ಕೂಗು ಬಂದದ್ದು ಬೀದಿಯ ಕೊನೆಯಲ್ಲಿದ್ದ, ಮುಟ್ಟಾದವರು ಉಳಿಯುವ ಮನೆಯಿಂದ. ನಾಟಕ ಯಾರಿಗಾಗಿ ಆಡುತ್ತಿದ್ದೆವೋ ಅವರೆಲ್ಲ ಅಲ್ಲಿದ್ದರು.

“ನನ್ನ ಗಂಟಲು ಆಚೆ ಕಂಬಂ ಊರಿನವರೆಗೂ ಕೇಳ್ತದೆ, ನಿನಗೆ ಕೇಳಲ್ವಾ ತಾಯಿ?” ಎಂದೆ, ಅತ್ತೆಯ ದನಿಯಲ್ಲೇ. ಮತ್ತೆ ನಗು.

ಶಾಲೆಗೆ ಹೋಗುವ ವಯಸ್ಸಿನ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು. “ಹೋದ ಅಮಾಸೆಯಿಂದ ರಕ್ತ ನಿಂತೇ ಇಲ್ಲ. ಯಾರಿಗೆ ಹೇಳಲಿ ಅಣ್ಣಾ?”

ನನ್ನ ಬಾಯಿಗೆ ಅತ್ತೆಯೂ ಬರಲಿಲ್ಲ, ನಾಟಕದಲ್ಲಿ ಬುದ್ಧಿ ಹೇಳುವ ನರ್ಸಮ್ಮನೂ ಬರಲಿಲ್ಲ. “ಡಾಕ್ಟರಿಗೆ ತೋರಿಸಬೇಕಮ್ಮಾ” ಎಂದೆ, ನನ್ನದೇ ಸಪ್ಪೆ ದನಿಯಲ್ಲಿ. ಮುಂದೆ ಕೂತಿದ್ದ ಅವಳಪ್ಪ ಎದ್ದು ನಿಂತರು. ಬಾಗಿಲು ಮುಚ್ಚಿಕೊಂಡಿತು.

ಮರುದಿನ ನಿಜವಾದ ನರ್ಸಮ್ಮನನ್ನೇ ಕರೆದುಕೊಂಡು ಹೋದೆವು. ಹುಡುಗಿಯನ್ನು ಆಗಲೇ ನಿಲಕ್ಕೋಟ್ಟೈಯ ಅಜ್ಜಿಮನೆಗೆ ಕಳಿಸಿಬಿಟ್ಟಿದ್ದರು. “ನಮ್ಮ ಹುಡುಗೀಗೆ ಏನೂ ಇಲ್ಲ ತಂಬಿ. ನಿನ್ನ ಅತ್ತೆ ಮಾತ್ರ ಬಲು ಚೆನ್ನಾಗಿದ್ದಳು” ಎಂದರು ಅವಳಪ್ಪ.

ಈಗ ಯಾವ ಊರಿಗೆ ಹೋದರೂ ಅಂಥ ಮನೆಯ ಮುಂದೆಯೇ ನಾಟಕ ಆಡುತ್ತೇವೆ. ಆ ಹುಡುಗಿಗೆ ರಕ್ತ ನಿಂತಿತೋ ಇಲ್ಲವೋ, ನನಗೆ ಇನ್ನೂ ಗೊತ್ತಿಲ್ಲ.